ಕಾರ್ಯಕ್ರಮದಲ್ಲಿಲ್ಲದ ಒಂದು ಪ್ರಶ್ನೆ

ಶಿಕ್ಷಣ ಇಲಾಖೆಯ ಮಾನ್ಯ ಹಿರಿಯ ಅಧಿಕಾರಿಗಳೇ,

ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸಲೆಂದು ತಾವು ನಮ್ಮ ಶಾಲೆಗೆ ಬಂದು ಹೋದಿರಿ. ಅದರ ಫಲವಾಗಿ, ಪ್ರಶ್ನೆ ಕೇಳಿದ ನನ್ನ ಮಗಳು ಈಗ ತರಗತಿಯ ಹೊರಗೆ ಕೂತಿದ್ದಾಳೆ. ಬರುವ ಸೋಮವಾರ ಇಡೀ ಶಾಲೆಯ ಮುಂದೆ ಕ್ಷಮೆ ಕೇಳಿದರೆ ಮಾತ್ರ ಒಳಗೆ ಬಿಡುತ್ತಾರಂತೆ. ಯೋಜನೆಯೊಂದು ಇಷ್ಟು ಬೇಗ ಫಲ ಕೊಟ್ಟದ್ದನ್ನು ನಾನಂತೂ ಕಂಡಿಲ್ಲ. ಅಭಿನಂದನೆಗಳು.

'ಪ್ರಶ್ನಿಸುವ ಮಗು' ಎಂಬ ಆ ಯೋಜನೆಯಲ್ಲಿ ಪ್ರಶ್ನೆಗಳು ಬಂದದ್ದು ನಿಮ್ಮ ಕಚೇರಿಯಿಂದ. ಉತ್ತರಗಳೂ ಅಲ್ಲಿಂದಲೇ. ಪಾಠಗಳನ್ನು ಬದಿಗಿಟ್ಟು ವಾರಗಟ್ಟಲೆ ತಾಲೀಮು ನಡೆಯಿತು. ಪ್ರಶ್ನೆ ತಾನಾಗಿ ಹೊಳೆದಂತೆ ಕಾಣಬೇಕಲ್ಲ, ಅದಕ್ಕೆ ಕೇಳುವ ಮೊದಲು ಸ್ವಲ್ಪ ತಲೆ ಕೆರೆದುಕೊಳ್ಳಬೇಕೆಂದೂ ಹೇಳಿಕೊಟ್ಟರು. ನನ್ನ ಮಗಳು ಹೊಲಿಗೆ ಯಂತ್ರದ ಪಕ್ಕ ನಿಂತು ಶ್ರದ್ಧೆಯಿಂದ ತಲೆ ಕೆರೆಯುವುದನ್ನು ಅಭ್ಯಾಸ ಮಾಡುತ್ತಿದ್ದರೆ, ನಮ್ಮತ್ತೆ ಹೇನು ಬಿದ್ದಿದೆಯೆಂದು ಬಾಚಣಿಗೆ ಹಿಡಿದು ಬಂದರು. ನಾನು ಬಟ್ಟೆ ಹೊಲಿಯುವವಳು ಸ್ವಾಮಿ. ಮೈಯಳತೆ ತೆಗೆದುಕೊಂಡ ಮೇಲೆ ಬಟ್ಟೆಗೆ ಕತ್ತರಿ ಹಾಕುತ್ತೇನೆ. ನೀವು ಅಂಗಿಯನ್ನು ಮೊದಲೇ ಹೊಲಿದಿಟ್ಟು, ಅದಕ್ಕೆ ಹೊಂದುವಂತೆ ಮಗುವನ್ನು ಕತ್ತರಿಸುತ್ತೀರಿ. ನಾನು ಹಾಗೆ ಮಾಡಿದರೆ ಗಿರಾಕಿಗಳು ಬೈಯುತ್ತಾರೆ, ನಿಮಗೆ ಬಡ್ತಿ ಸಿಗುತ್ತದೆ.

ಆ ದಿನ ಪೋಷಕರ ಸಾಲಿನಲ್ಲಿ ನಾನೂ ಇದ್ದೆ. "ಮಕ್ಕಳೇ, ಯಾರಿಗೂ ಹೆದರಬೇಡಿ. ಏನು ಬೇಕಾದ್ರೂ ಕೇಳಿ. ಕೇಳದವರು ಕಲಿಯೋದಿಲ್ಲ," ಎಂದಿರಿ. ನಾನೂ ಚಪ್ಪಾಳೆ ತಟ್ಟಿದೆ. ಮಗಳ ಸರದಿ ಬಂತು. ಎದ್ದಳು, ತಲೆ ಕೆರೆದುಕೊಂಡಳು, "ಸರ್, ಸಮುದ್ರದ ನೀರು ಯಾಕೆ ಉಪ್ಪು?" ಎಂದಳು. ನೀವು ಕೈಯಲ್ಲಿದ್ದ ಕಾಗದ ನೋಡಿಕೊಂಡು, "ಬಂಡೆ, ಮಣ್ಣಿನಲ್ಲಿರೋ ಉಪ್ಪನ್ನ ನದಿಗಳು ತಗೊಂಡು ಹೋಗಿ ಸಮುದ್ರಕ್ಕೆ ಸೇರಿಸ್ತವೆ ಮಗೂ," ಎಂದಿರಿ. ಅಲ್ಲಿಗೆ ಅವಳು ಕೂರಬೇಕಿತ್ತು. ಆದರೆ ಅವಳು ನಿಮ್ಮ ಉತ್ತರವನ್ನು ನಿಜವಾಗಿ ಕೇಳಿಸಿಕೊಂಡುಬಿಟ್ಟಿದ್ದಳು. "ಹಾಗಾದ್ರೆ ನದಿ ನೀರು ಯಾಕೆ ಉಪ್ಪಿಲ್ಲ ಸರ್?" ಎಂದು ಕೇಳಿದಳು.

ಇಂಗು ತಿಂದ ಮಂಗ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ, ಕಣ್ಣಾರೆ ಕಂಡದ್ದು ಆವತ್ತೇ. ನೀವು ಕಾಗದವನ್ನು ಮಗುಚಿ ನೋಡಿದಿರಿ. ಹಿಂಬದಿ ಖಾಲಿ. ಆಮೇಲೆ ನಕ್ಕು, "ಜಾಣೆ, ಜಾಣೆ. ಎಲ್ಲಿ, ಮುಂದಿನವರು?" ಎಂದಿರಿ. ಮುಂದಿನ ಹುಡುಗ ಎದ್ದು ತಲೆ ಕೆರೆಯತೊಡಗಿದ.

ಮಾರನೆಯ ದಿನ ನಿಮ್ಮ ಕಚೇರಿಯಿಂದ ಫೋನ್ ಬಂತಂತೆ, "ಆ ಹುಡುಗಿ ಯಾರು?" ಎಂದು. ಯಾರೂ ಬರೆದುಕೊಡದೆ ನಿಮ್ಮ ಕಚೇರಿ ತಾನಾಗಿ ಕೇಳಿದ ಪ್ರಶ್ನೆ ಅದೊಂದೇ ಇರಬೇಕು. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿದರು. "ನೋಡಮ್ಮ, ನಿಮ್ಮ ಮಗಳದು ಅಧಿಕಪ್ರಸಂಗ. ಅಷ್ಟು ದೊಡ್ಡವರು ಉತ್ತರ ಕೊಟ್ಟ ಮೇಲೆ ಮತ್ತೆ ಕೇಳೋದಾ?"

"ಏನು ಬೇಕಾದ್ರೂ ಕೇಳಿ ಅಂತ ಅವರೇ ಹೇಳಿದ್ರಲ್ಲ ಮೇಡಂ?"

"ಅದು ಭಾಷಣ ಅಮ್ಮ. ಭಾಷಣಾನೂ ನಿಜ ಅಂದ್ಕೊಂಡ್ರೆ ಹೇಗೆ?"

ನಿಮ್ಮ ಇಡೀ ಇಲಾಖೆಯಲ್ಲಿ ನಿಜ ಹೇಳಿದವರು ಅವರೊಬ್ಬರೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ನಿಮ್ಮಲ್ಲಿ ಆಚಾರಕ್ಕೆ ಒಂದು ವೇದಿಕೆ, ಒಂದು ಮೈಕು, ಒಂದು ಹಾರ ಬೇರೆ. ಒಂದು ಪ್ರಶ್ನೆಗೆ ಕುಸಿಯುವ ಗೌರವವನ್ನು ಹೊತ್ತುಕೊಂಡು ಊರೂರು ಸುತ್ತಿ ಮಕ್ಕಳಿಗೆ ಧೈರ್ಯ ಹಂಚುವ ಈ ಸಾಹಸವಾದರೂ ಏಕೆ? ಗಿಳಿಗಳೇ ಬೇಕಿದ್ದರೆ ಪಂಜರ ತರಿಸಿಕೊಳ್ಳಬಹುದಿತ್ತು, ಶಾಲೆ ಕಟ್ಟಿಸುವ ಖರ್ಚಾದರೂ ಉಳಿಯುತ್ತಿತ್ತು.

ನಾನು ಹೊಲಿಯುವಾಗ ಪಕ್ಕದಲ್ಲಿ ಕೂತು ನನ್ನ ತಲೆ ತಿನ್ನುತ್ತಿದ್ದ ಹುಡುಗಿ ಅವಳು. ದಾರ ಯಾಕೆ ತುಂಡಾಗುತ್ತೆ, ಸೂಜಿಗೆ ಕಣ್ಣು ಕೊರೆಯೋದು ಹೇಗೆ, ಒಂದಲ್ಲ ಎರಡಲ್ಲ. ಈಗ ಬಾಯಿ ಬಿಡುವುದಿಲ್ಲ. ಕರೆದರೆ ಬರುತ್ತಾಳೆ, ಬಡಿಸಿದರೆ ಉಣ್ಣುತ್ತಾಳೆ, ಹೇಳಿದ ಕೆಲಸ ಮಾಡುತ್ತಾಳೆ. ನಿಮ್ಮ ಪ್ರಕಾರ ಇದು ಒಳ್ಳೆಯ ನಡತೆ ಇರಬಹುದು. ನನಗಂತೂ ಇದು ನನ್ನ ಮಗಳೆನ್ನಿಸುವುದಿಲ್ಲ.

ಕ್ಷಮೆಯನ್ನೂ ಶಾಲೆಯವರೇ ಬರೆದು ಕೊಟ್ಟಿದ್ದಾರೆ. 'ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ಮಾತುಗಳಲ್ಲಿ' ಎಂದು ಶುರುವಾಗುತ್ತದೆ. ಎಲ್ಲಿ ತಲೆ ತಗ್ಗಿಸಬೇಕು ಎಂಬುದೂ ಅದರಲ್ಲಿದೆ. "ಓದಿಬಿಡಲಿ ಬಿಡೆ. ಮಾತು ಬೆಳ್ಳಿ, ಮೌನ ಬಂಗಾರ. ಒಂದು ವರ್ಷ ಹಾಳಾಗೋದಕ್ಕಿಂತ ವಾಸಿ," ಎಂದರು ಅತ್ತೆ. ನನಗೂ ಹೌದೆನ್ನಿಸಿತ್ತು. ಆಗ ಮಗಳು ಎಷ್ಟೋ ದಿನಗಳ ಮೇಲೆ ಬಾಯಿ ತೆರೆದಳು. "ಅಮ್ಮಾ, ಇದನ್ನ ಬರೆದಿರೋದು ಅವರು. ಓದೋದು ನಾನು. ಹಾಗಾದ್ರೆ ಕ್ಷಮೆ ಕೇಳ್ತಿರೋದು ಯಾರು?"

ಅತ್ತೆ ಆ ಕಾಗದವನ್ನು ಮಡಚಿಟ್ಟು, "ಓದಬೇಡ ಬಿಡು ಮಗಾ," ಎಂದರು.

ಆದ್ದರಿಂದ ಅವಳು ಓದುವುದಿಲ್ಲ. ಸೋಮವಾರ ಅವಳನ್ನು ತರಗತಿಯೊಳಗೆ, ಅವಳ ಜಾಗದಲ್ಲಿ ಕೂರಿಸಬೇಕು. ಇದು ಬೇಡಿಕೆ, ಬಿನ್ನಹವಲ್ಲ. ಜೊತೆಗೆ ನೀವು ಬರಬೇಕು. ಬಂದು, ಅದೇ ಮಕ್ಕಳ ಮುಂದೆ ನಿಂತು ಅವಳ ಪ್ರಶ್ನೆಗೆ ಉತ್ತರ ಹೇಳಬೇಕು. ಉತ್ತರ ತಿಳಿಯದಿದ್ದರೆ "ನನಗೆ ಗೊತ್ತಿಲ್ಲ ಮಗೂ, ಇಬ್ಬರೂ ಹುಡುಕೋಣ" ಎಂದರೂ ಸಾಕು. ದೊಡ್ಡವರ ಬಾಯಿಂದ ಆ ಮಾತನ್ನು ನಮ್ಮ ಶಾಲೆಯ ಮಕ್ಕಳು ಈವರೆಗೆ ಕೇಳಿಲ್ಲ.

ಇಂತಿ,
ಅಧಿಕಪ್ರಸಂಗಿಯನ್ನು ಹೆತ್ತು, ಇನ್ನೂ ಪಶ್ಚಾತ್ತಾಪ ಪಡಲಾಗದ ತಾಯಿ