ಮುನ್ನೂರ ಎಂಬತ್ಮೂರರ ಪುಟ

ಮಾರ್ಚ್ 13

ಚಿರಂಜೀವಿ ಪುಟ್ಟಕ್ಕನಿಗೆ ಅಪ್ಪನ ಆಶೀರ್ವಾದ.

ಮೊದಲು ಬೈದುಬಿಡು. ನಿನ್ನ ಮೂರು ಕಾಗದಗಳಲ್ಲಿ ಒಂದಕ್ಕೂ ಉತ್ತರ ಬರೆದಿಲ್ಲ. ‘ಐ ಬೆಗ್ ಟು ಬಿ ಎಕ್ಸ್‌ಕ್ಯೂಸ್ಡ್’ ಅಂತೇನೋ ಕಾಲೇಜಿನಲ್ಲಿ ಕಲಿಸಿದ್ದರು, ಮುಂದಿನದು ಮರೆತಿದೆ. ಆರೋಗ್ಯ ಚೆನ್ನಾಗಿದೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ತಡವಾಗಿದ್ದು ನಿನ್ನ ಅಮ್ಮನ ಹತ್ತು ಲಕ್ಷದ ಮೂರು, ಅಂದರೆ 10,00,003ರಿಂದ. ಏಳಂಕಿಯ ಸಂಖ್ಯೆಗಳಲ್ಲಿ ಮೊಟ್ಟಮೊದಲ ಪ್ರೈಮ್ ನಂಬರ್ ಅದೇ ಅಂತ ಅವಳ ಊಹೆ. ಪುಸ್ತಕ ನೋಡಿದರೆ ನಿಮಿಷದ ಕೆಲಸ. “ಇನ್ನೊಬ್ಬರು ಹೇಳಿದ್ದನ್ನ ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದಾಯ್ತು. ಇದೊಂದನ್ನ ನಾನೇ ನೋಡ್ತೀನಿ” ಅಂದಳು. ಆಸ್ಪತ್ರೆಗೆ ಹೊರಟಾಗಲೂ ಬಟ್ಟೆಗಿಂತ ಮೊದಲು ನೋಟ್‌ಬುಕ್ ಚೀಲಕ್ಕೆ ಬಿತ್ತು.

“ಹತ್ತು ಲಕ್ಷದವರೆಗೂ ಭಾಗಿಸ್ತಾ ಕೂತ್ಕೋತೀಯಾ?” ಅಂದೆ.

“ದಡ್ಡರ ಹಾಗೆ ಆಡ್ಬೇಡಿ. ಒಡೆದ್ರೆ ಎರಡು ತುಂಡಾಗ್ಬೇಕಲ್ವಾ? ಎರಡೂ ಸಾವಿರ ಮೀರಿದ್ರೆ, ಗುಣಿಸಿದಾಗ ಈ ಸಂಖ್ಯೆಯನ್ನೇ ದಾಟಿಹೋಗುತ್ತೆ. ಒಂದಾದ್ರೂ ಸಾವಿರದ ಒಳಗೇ ಸಿಗ್ಬೇಕು. ಅಲ್ಲಿರೋ ಅವಿಭಾಜ್ಯಗಳು ನೂರ ಅರವತ್ತೆಂಟೇ ರೀ.”

ಮುಂದಿನದನ್ನು ಫೋನಿನಲ್ಲಿ ಹೇಳಿದ್ದೆನಲ್ಲ. ಎಪ್ಪತ್ತಾರನೆಯ ಅವಿಭಾಜ್ಯ 383. ಅದರಿಂದ ಭಾಗಿಸಿದಾಗ ಶೇಷ ಸೊನ್ನೆ ಬಂತು. ಸಂಖ್ಯೆ ಒಡೆಯಿತು ಅಂತ ನೋಟ್‌ಬುಕ್ ಮುಚ್ಚಿಸಿದಳು. ಒಂಬತ್ತು ದಿನಕ್ಕೆ ಅವಳೂ ಹೊರಟುಹೋದಳು.

ಆಮೇಲೆ ನೀನು ಪಟ್ಟಿ ನೋಡಿ, ಅದು ಅವಿಭಾಜ್ಯವೇ ಅಂದೆ. ಅವಳ ಶಾಲೆಯವರು ನಡೆಸಿದ ನೆನಪಿನ ಸಭೆಯಲ್ಲಿ ನೀನು “ಅಮ್ಮ ಜೀವಮಾನದಲ್ಲಿ ತಪ್ಪಿದ್ದು ಒಂದೇ ಲೆಕ್ಕ” ಅಂದಾಗ ಎಲ್ಲರೂ ನಕ್ಕರು. ಹೆಡ್‌ಮಾಸ್ಟರು ಕಣ್ಣೊರೆಸಿಕೊಳ್ಳುತ್ತ ನಕ್ಕರು. ನಾನೂ ನಕ್ಕೆ.

ಅವತ್ತಿನಿಂದ ಸರಿಯಾಗಿ ನಿದ್ದೆಯಿಲ್ಲ. ಹಿಸ್ಟರಿ ಓದಿದ ನಾನು ಎರಡು ತಿಂಗಳು ಕೂತು ನೂರ ಅರವತ್ತೆಂಟನ್ನೂ ಮತ್ತೆ ಭಾಗಿಸಿದೆ. ಎದುರುಮನೆ ದರ್ಜಿ ಇಣುಕಿ, “ಏನ್ ಯಜಮಾನ್ರೇ, ಈ ವಯಸ್ಸಲ್ಲಿ ಪರೀಕ್ಷೆ ಕಟ್ಟಿದ್ದೀರಾ?” ಅಂದ. “ಸಪ್ಲಿಮೆಂಟರಿ ಕಣಯ್ಯ” ಅಂದೆ. ನಿನ್ನೆ ಕೊನೆಯ 997 ಮುಗಿಯಿತು. ಎಲ್ಲೂ ಸೊನ್ನೆ ಬರಲಿಲ್ಲ. ಅವಳ ಊಹೆ ನಿಜ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಿಬ್ಬರ ಬಾಳು ತಣ್ಣಗಿರಲಿ.

ನಿನ್ನ
ಅಪ್ಪ

ವಿ.ಸೂ.: ಬರೆಯಬಾರದೆಂದೇ ಸಹಿ ಹಾಕಿದ್ದೆ, ಆಗುತ್ತಿಲ್ಲ. ಬಲಗೈಗೆ ಸೂಜಿ ಚುಚ್ಚಿದ ಮೇಲೆ ಅವಳಿಗೆ ಪೆನ್ಸಿಲ್ ಹಿಡಿಯಲು ಆಗುತ್ತಿರಲಿಲ್ಲ. ಕಣ್ಣು ಮುಚ್ಚಿ ಅವಳು ಗುಣಿಸಿ ಹೇಳುತ್ತಿದ್ದಳು, ನಾನು ಬರೆದು ಕಳೆಯುತ್ತಿದ್ದೆ. ಅವತ್ತು ಬಾಗಿಲಲ್ಲಿ ಡಾಕ್ಟರು ನರ್ಸಿಗೆ “ಮನೆಯವರಿಗೆ ಹೇಳಿದ್ದೀರಾ?” ಅಂತ ಕೇಳುತ್ತಿದ್ದರು. ನನ್ನ ಕಿವಿಯೆಲ್ಲ ಅಲ್ಲಿತ್ತು. 420ರಲ್ಲಿ 383 ಕಳೆದು 37 ಬರೆಯಬೇಕಾದ ಕಡೆ 38 ಬರೆದೆ. ಪಕ್ಕಕ್ಕೆ ಕೊನೆಯ ಮೂರು ಇಳಿಸಿದರೆ 383, ಸರಿಯಾಗಿ ಒಂದು ಸಲ ಹೋಯಿತು. “ಸರಿಯಾಗಿ ಕಳೆದಿರಾ?” ಅಂತ ಎರಡು ಸಲ ಕೇಳಿದಳು. “ಕಳೆದೆ ಕಣೇ” ಅಂದೆ. “ಹಾಗಾದ್ರೆ ನನ್ನ ಊಹೆಯೇ ತಪ್ಪು” ಅಂದು ಗೋಡೆ ಕಡೆ ಹೊರಳಿದಳು. ಸೋಮವಾರ ಹೆಡ್‌ಮಾಸ್ಟರಿಗೆ ನಾನೇ ಹೋಗಿ ಹೇಳುತ್ತೇನೆ. ಆ ಪುಟ ಹರಿದು ಹಾಕಿಲ್ಲ. ಆ 38 ಯಾರ ಕೈಬರಹವೆಂದು ನೀನೇ ಬಂದು ನೋಡು.