ಬಜಾರದ ಹಿಂದಿನ ಮನೆ

ಬಸವಕಲ್ಯಾಣ,
ಸೆಪ್ಟೆಂಬರ್ ೨೨, ೨೦೨೫

ಆಯೆಷಾಳ ಅಬ್ಬಾ ಅವರಿಗೆ ರುಬೀನಾಳ ಸಲಾಂ.

ಆರೋಗ್ಯ ಹೇಗಿದೆ? ಮಸ್ಕತ್ತಿನ ಬಿಸಿಲಿಗೆ ಮೂಗಿನಿಂದ ರಕ್ತ ಬರುತ್ತಿತ್ತಲ್ಲ, ನಿಂತಿತೇ? ಔಷಧ ತಪ್ಪಿಸಬೇಡಿ. ಎಷ್ಟೇ ಸಿಟ್ಟಿದ್ದರೂ ಇದನ್ನು ಕೇಳದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಮೇಲೆ ಬರೆದ ಊರಿನ ಹೆಸರು ಕೈತಪ್ಪಿ ಬಂದದ್ದಲ್ಲ. ನಿಮ್ಮ ಅಮ್ಮಿ, ಆಯೆಷಾ, ನಾನು ಮೂವರೂ ಹುಮನಾಬಾದದ ನಿಮ್ಮ ಹೊಸ ಮನೆಗೆ ಬೀಗ ಹಾಕಿ ಇಲ್ಲಿನ ಬಜಾರದ ಹಿಂದಿನ ನಮ್ಮ ಗಲ್ಲಿಗೆ ವಾಪಸು ಬಂದಿದ್ದೇವೆ. ಫೋನಿನಲ್ಲಿ ಹೇಳಿದರೆ ನೀವು ಅರ್ಧಕ್ಕೇ ‘ನೆಟ್‌ವರ್ಕ್ ಇಲ್ಲ’ ಎಂದು ಇಟ್ಟುಬಿಡುತ್ತೀರಿ. ಕಾಗದಕ್ಕೆ ಆ ಸೌಕರ್ಯವಿಲ್ಲ. ಪಕ್ಕದ ಮನೆಯ ಅಲ್ತಾಫ್ ರಜೆ ಮುಗಿಸಿ ನಿಮ್ಮ ಕಡೆಗೇ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಹೊಸ ಮನೆ ಚೆಂದವಿಲ್ಲ ಎಂದು ನಾನು ಹೇಳುವುದಿಲ್ಲ. ಟೈಲ್ಸು ಮುಖ ಕಾಣುವಷ್ಟು ಹೊಳೆಯುತ್ತವೆ. ಆದರೆ ಅಲ್ಲಿ ಕಾಣುವುದು ನಮ್ಮವೇ ಮೂರು ಮುಖ. ಚಿಟಗುಪ್ಪ ರಸ್ತೆಯಿಂದ ಒಳಗೆ ಹೋದರೆ ಕಲ್ಲು ನೆಟ್ಟ ಖಾಲಿ ಪ್ಲಾಟುಗಳು, ಜಾಲಿ, ನಾಯಿ. ಪ್ಲಾಟು ಕೊಡಿಸಿದ ನಿಮ್ಮ ಗೆಳೆಯ ಅಮೀರ ‘ಭಾಭಿ, ಮುಂದಿನ ವರ್ಷ ನೋಡ್ರಿ, ಇಲ್ಲೇ ಬಜಾರ ಆಗ್ತದ’ ಅಂದ. ಅವನ ಸ್ವಂತ ಮನೆ ಎಲ್ಲಿದೆ? ಹುಮನಾಬಾದದ ನಡು ಬಜಾರದಲ್ಲಿ! ಅವನ ಹೆಂಡತಿ ಗಜಾಲಾ ಕಿಟಕಿಯಲ್ಲಿ ನಿಂತೇ ಕೊತ್ತಂಬರಿ ಕೊಳ್ಳುತ್ತಾಳೆ. ನಾನು ಅರ್ಧ ಲೀಟರು ಹಾಲಿಗೆ ದೊಡ್ಡ ರಸ್ತೆಯವರೆಗೆ ನಡೆಯಬೇಕಿತ್ತು. ಹೊಲಿಗೆ ಮಶೀನಿನ ಮೇಲೆ ಹೊದಿಸಿದ ಬಟ್ಟೆ ತೆಗೆಯುವ ಪ್ರಸಂಗವೇ ಬರಲಿಲ್ಲ. ಗಲ್ಲಿಯಲ್ಲಿದ್ದಾಗ ಬಜಾರಕ್ಕೆ ಬಂದ ಮೋರಖಂಡಿ ಹಳ್ಳಿಯ ಹೆಂಗಸರು ದಾರಿಯಲ್ಲಿ ನಮ್ಮ ಮನೆ ಹೊಕ್ಕು ಅಳತೆ ಕೊಟ್ಟು, ಚಾ ಕುಡಿದು, ಮನೆಯ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದರು. ಅಲ್ಲಿಗೆ ಯಾರು ಬರಬೇಕು? ಇದನ್ನೆಲ್ಲ ಹೇಳಿದಾಗ ನೀವು ಅಂದದ್ದು ಒಂದೇ ಮಾತು: ‘ಆ ಗಟಾರದ ಗಲ್ಲಿಯಾಗ ಏನದ?’ ಗಟಾರವಿದೆ, ಹೌದು. ಮದುವೆಯ ಬ್ಯಾಂಡು, ಬೈಕಿನ ಹಾರ್ನು, ನಲ್ಲಿಯ ಹತ್ತಿರದ ಜಗಳ, ಎಲ್ಲವೂ ಇವೆ. ನಿಮ್ಮ ಅಮ್ಮಿಗೆ ನಿದ್ದೆ ಬರುವುದು ಆ ಗದ್ದಲದಲ್ಲೇ.

ಹೊಸ ಮನೆಯಲ್ಲಿ ಅಮ್ಮಿ ಮಾತು ಬಿಟ್ಟರು. ನೀವು ವಿಡಿಯೋದಲ್ಲಿ ನೋಡಿ ‘ಅಮ್ಮಿ ಆರಾಮ ಕುಂತಾಳ’ ಎಂದಿರಿ. ಕೂತಿದ್ದರು, ನಿಜ. ಬೆಳಿಗ್ಗೆ ಕೂತವರು ಸಂಜೆಯವರೆಗೆ ಗೇಟು ನೋಡುತ್ತ ಕೂತೇ ಇರುತ್ತಿದ್ದರು. ಹೋದ ವಾರ ನಾನು ಆಯೆಷಾಳನ್ನು ಶಾಲೆಗೆ ಬಿಟ್ಟು ಬರುವಷ್ಟರಲ್ಲಿ ಗೇಟು ತೆರೆದಿತ್ತು, ಕುರ್ಚಿ ಖಾಲಿ. ಪಾಯ ತೋಡಿದ ಗುಂಡಿಗಳಲ್ಲೆಲ್ಲ ಇಣುಕಿದೆ. ಕೂಗಿದೆ. ಓಗೊಡಲು ಒಂದು ಮನೆಯೂ ಇಲ್ಲದ ಕಡೆ ಕೂಗುವುದು ಹೇಗಿರುತ್ತದೆಂದು ನಿಮಗೆ ಗೊತ್ತಿಲ್ಲ. ಅಮೀರನಿಗೆ ಫೋನು ಮಾಡಿದರೆ ‘ಮೀಟಿಂಗಿನ್ಯಾಗ ಇದ್ದೀನಿ ಭಾಭಿ’ ಎಂದು ಇಟ್ಟ. ಅಳುತ್ತ ದೊಡ್ಡ ರಸ್ತೆಯತ್ತ ಓಡುತ್ತಿದ್ದಾಗ ಗಲ್ಲಿಯ ಎದುರು ಮನೆಯ ಕಸ್ತೂರಿಬಾಯಿಯ ಫೋನು ಬಂತು. ‘ರುಬೀನಾ, ಅಳಬ್ಯಾಡ. ನಿಮ್ಮ ಅತ್ತಿ ಮುನ್ನಿ ಬೀ ನಮ್ಮ ಕಟ್ಟಿ ಮ್ಯಾಲ ಕುಂತಾರ. ರೊಟ್ಟಿ ತಿನ್ನಾಕತ್ತಾರ.’

ಪೊರೆ ಬಂದ ಕಣ್ಣಿನ ಆ ಹಿರಿಯ ಜೀವ ಆಧಾರ ಕಾರ್ಡು ಸೆರಗಿಗೆ ಕಟ್ಟಿಕೊಂಡು, ದಾರಿಯಲ್ಲಿ ಯಾರದೋ ಆಟೋ ನಿಲ್ಲಿಸಿ, ಬಸ್ ಸ್ಟ್ಯಾಂಡಿನಲ್ಲಿ ಕಲ್ಯಾಣದ ಬಸ್ಸು ಯಾವುದೆಂದು ಕೇಳಿ ಕೇಳಿ ಹತ್ತಿ ಬಂದಿದ್ದರು. ಇಲ್ಲಿ ಇಳಿದ ಮೇಲೆ ಯಾರನ್ನೂ ಕೇಳಲಿಲ್ಲವಂತೆ. ‘ಅತ್ತರಿನ ಅಂಗಡಿ, ಭಜಿ ಕರಿಯೋ ವಾಸನಿ, ತಗಡು ಬಡಿಯೋ ಸಪ್ಪಳ. ಅಲ್ಲಿಂದ ಮುಂದ ಕಣ್ಣು ಯಾಕ ಬೇಕು ಬೇಟಿ?’ ಎಂದರು. ನಾನು ಬರುವಷ್ಟರಲ್ಲಿ ಅರ್ಧ ಗಲ್ಲಿ ಕೂಡಿತ್ತು. ಕಸ್ತೂರಿಬಾಯಿಯ ಗಂಡ ಮಹಾರುದ್ರಪ್ಪನವರು ಅಂಗಡಿ ಬಿಟ್ಟು ಬಂದು ನಿಂತಿದ್ದರು. ಎಲ್ಲರೆದುರು ಅಮ್ಮಿ ಹೇಳಿದರು: ‘ಮಗ ನನ್ನ ಅರಮನಿಯಾಗ ಇಟ್ಟಾನ. ಅಲ್ಲಿ ನಾ ಸತ್ರ ಹೆಗಲ ಕೊಡಾಕ ಯಾರದಾರ?’

ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ನಮ್ಮನ್ನು ಒಂದು ಮಾತು ಕೇಳದೆ ನಮ್ಮ ಬದುಕನ್ನು ಎತ್ತಿ ಬಯಲಿನಲ್ಲಿಟ್ಟವರು ನೀವು. ರಜೆಗೆ ಬಂದು, ಗೆಳೆಯರಿಗೆ ಮನೆ ತೋರಿಸಿ ವಿಮಾನ ಹತ್ತುವವರಿಗೆ ಅದು ಚೆಂದವೇ. ಉಳಿದ ದಿನವೆಲ್ಲ ಅಲ್ಲಿ ಕಾವಲು ಕೂರುವವರು ನಾವು. ಇನ್ನು ಕೂರುವುದಿಲ್ಲ.

ಹಳೆಯ ಶಾಲೆಯವರು ಆಯೆಷಾಳನ್ನು ಮತ್ತೆ ಸೇರಿಸಿಕೊಂಡಿದ್ದಾರೆ. ಅಮ್ಮಿ ದಿನವಿಡೀ ಮಾತಾಡುತ್ತಾರೆ, ಕೆಲವೊಮ್ಮೆ ಸಾಕು ಎನಿಸುವಷ್ಟು. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅಮ್ಮಿಯ ದುವಾ ಸದಾ ನಿಮ್ಮ ಮೇಲಿದೆ. ನನ್ನದು, ಸಿಟ್ಟು ಇಳಿದ ಮೇಲೆ.

ನಿಮ್ಮ
ರುಬೀನಾ

ತಾ.ಕ.: ಅಲ್ತಾಫ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಗಲ್ಲಿಯ ಮನೆ ಮಾರಲು ನೀವು ಮಾತು ಕೊಟ್ಟದ್ದನ್ನು ನಮಗೆ ಹೇಳಿರಲಿಲ್ಲ. ನಿನ್ನೆ ಅಮೀರ ಗಿರಾಕಿಯನ್ನು ಕರೆದುಕೊಂಡು ಅಮ್ಮಿಯ ಸಹಿಗೆ ಬಂದಿದ್ದ. ಮನೆ ಅವರ ಹೆಸರಿನಲ್ಲಿದೆ ಎಂಬುದನ್ನು ಅಮ್ಮಿ ಮರೆತಿಲ್ಲ. ಮಸೀದಿಯ ಕಾಸಿಂ ಸಾಹೇಬರನ್ನೂ ಮಹಾರುದ್ರಪ್ಪನವರನ್ನೂ ಕರೆಸಿ, ಅಮೀರನ ಎದುರಿಗೇ ಬೀಗದ ಕೈ ನನ್ನ ಕೈಗಿಟ್ಟು ‘ಈ ಮನಿ ನನ್ನ ಸೊಸಿಗಿ ಹಿಬಾ ಮಾಡೀನಿ, ದಾನ ಕೊಟ್ಟೀನಿ. ಇನ್ನ ಇದು ನನ್ನದಲ್ಲ’ ಎಂದರು. ನಾನು ಒಪ್ಪಿಕೊಂಡೆ. ಸಾಕ್ಷಿಗಳೆದುರು ಮಾತು, ಒಪ್ಪಿಗೆ, ಬೀಗದ ಕೈ ಇಷ್ಟಾದರೆ ಹಿಬಾಕ್ಕೆ ಕಾಗದ ಬೇಡ ಎಂದರು ಕಾಸಿಂ ಸಾಹೇಬರು. ಈಗ ಇದು ನನ್ನ ಮನೆ. ರಜೆಗೆ ನೇರ ಇಲ್ಲಿಗೇ ಬನ್ನಿ. ನಿಮಗೆ ಹಾಸಿಗೆ ಹಾಕುತ್ತೇನೆ, ಸಹಿ ಹಾಕುವುದಿಲ್ಲ.