ಕಳ್ಳನಿಲ್ಲದ ಕೂಗು

ವಿಟ್ಲ
ಫೆಬ್ರವರಿ 11, 2025

ಪ್ರೀತಿಯ ಅಪ್ಪ,

ಹೇಗಿದ್ದೀರಿ? ಮಸ್ಕತ್ತಿನಲ್ಲಿ ಈಗ ಚಳಿಯಂತೆ, ಕೆಮ್ಮು ಕಡಿಮೆಯಾಯಿತೇ? ಇಲ್ಲಿ ನಾನೂ ಅಮ್ಮನೂ ಕ್ಷೇಮ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀವು "ಆಯಿತು, ಇಡ್ತೇನೆ" ಎನ್ನುತ್ತೀರಿ. ಕಾಗದದ ಬಾಯಿ ಹಾಗೆ ಮುಚ್ಚಿಸಲು ಬರುವುದಿಲ್ಲ. ಅದಕ್ಕೇ ರಜೆ ಮುಗಿಸಿ ಮಸ್ಕತ್ತಿಗೆ ಹೊರಟಿರುವ ನೆರೆಮನೆಯ ಅಬ್ದುಲ್ ರವೂಫರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಭಾನುವಾರ ಮೂಡುಬಿದಿರೆಯಿಂದ ಉಜ್ವಲ್ ಮತ್ತು ಅವನ ತಾಯಿ ನನ್ನನ್ನು ನೋಡಲು ಬಂದಿದ್ದರು. ನಿಮ್ಮ ತಂಗಿ ನೀಲಾವತಿ ಅತ್ತೆ ಬೆಳಿಗ್ಗೆಯಿಂದ ನನ್ನ ಬೆನ್ನು ಬಿಡಲಿಲ್ಲ. "ಈಗ ಮೈಯೆಲ್ಲ ಕ್ಲೀನ್ ಉಂಟಲ್ಲ ಮಾರಾಯ್ತಿ, ಧಾರೆ ಆಗುವವರೆಗೆ ಸುಮ್ಮನಿರು" ಎಂದು ಒಂದೇ ಜಪ. ಹಿಂದಿನ ದಿನ ನೀವೂ ಅದನ್ನೇ ಹೇಳಿದ್ದಿರಿ. ನಾನು ಸುಮ್ಮನಿರಲಿಲ್ಲ. ಕಾಫಿ ಕೊಟ್ಟು, ಎದುರಿಗೆ ಕೂತು, ನನಗೆ ಸೋರಿಯಾಸಿಸ್ ಎಂಬ ಚರ್ಮರೋಗ ಇದೆ, ಈಗ ಕಾಣದಿರುವುದು ಇಂಜೆಕ್ಷನ್ನಿನ ದಯೆ ಎಂದುಬಿಟ್ಟೆ.

ಮಂಗಳೂರಿನ ಡಾಕ್ಟರು ನನಗೆ ಹೇಳಿದ್ದನ್ನೇ ಅವರಿಗೂ ಬಿಡಿಸಿ ಹೇಳಿದೆ. ನಮ್ಮ ಮೈಯಲ್ಲಿ ರೋಗದ ವಿರುದ್ಧ ಕಾವಲು ಕಾಯುವ ಜೀವಕೋಶಗಳಿವೆ. ಪೊಲೀಸರ ಎದೆಯ ಮೇಲಿನ ಹೆಸರಿನ ಪಟ್ಟಿಯಂತೆ ಅವುಗಳ ಮೇಲೆ ಗುರುತುಗಳಿರುತ್ತವೆ. ಸಿಡಿ-ಫೋರ್ ಎನ್ನುವುದು ಅಂಥದೊಂದು ಗುರುತು. ಅವು ಒಂದನ್ನೊಂದು ಕರೆಯುವುದು ಕೆಲವು ಅಣುಗಳ ಮೂಲಕ. ನನ್ನ ಚರ್ಮದಲ್ಲಿ ಇಂಟರ್‌ಲ್ಯೂಕಿನ್-ಹದಿನೇಳು ಎಂಬ ಅಣು, ಕಳ್ಳನಿಲ್ಲದಿದ್ದರೂ "ಕಳ್ಳ, ಕಳ್ಳ" ಎಂದು ಕೂಗುತ್ತಲೇ ಇರುತ್ತದೆ. ಕಾವಲಿನವರು ಓಡಿಬಂದು ನಮ್ಮ ಮನೆಯನ್ನೇ ಚಚ್ಚುತ್ತಾರೆ. ಇಂಜೆಕ್ಷನ್ ಆ ಕೂಗನ್ನು ನಿಲ್ಲಿಸುತ್ತದೆ. ಇದು ಅಂಟುರೋಗವಲ್ಲ ಎಂದೂ ಹೇಳಿದೆ. "ಇಂಜೆಕ್ಷನ್ ಬಿಟ್ಟರೆ ಪುನಃ ಬರ್ತದಾ?" ಎಂದು ಉಜ್ವಲ್ ಕೇಳಿದ. ಬರಬಹುದು ಎಂದೆ. ಅವನ ತಾಯಿ ಕೈಯಲ್ಲಿದ್ದ ಗೋಳಿಬಜೆಯನ್ನು ಮೆಲ್ಲ ತಟ್ಟೆಗೆ ಹಾಕಿದರು. ಆಮೇಲೆ ಅವರ ಫೋನಿಲ್ಲ. ಬರುವುದೂ ಬೇಡ. ನನ್ನ ಮೊಣಕಾಲಿನ ಕಲೆಗಳಿಗೆ ಹೆದರುವವರ ಮನೆಯಲ್ಲಿ ಜೀವಮಾನವಿಡೀ ಸೀರೆ ಎಳೆದುಕೊಂಡು ಬದುಕಲು ನನ್ನಿಂದಾಗದು.

ಅವರು ಹೋದದ್ದೇ ತಡ, ಅತ್ತೆ ಅಮ್ಮನ ಮೇಲೆ ಹರಿಹಾಯ್ದರು. "ಇದು ನಿಮ್ಮ ಕುಟುಂಬದ ನಾಗದೋಷ ಅತ್ತಿಗೆ. ನಮ್ಮವರಲ್ಲಿ ಯಾರಿಗೆ ಉಂಟು?" ನಾಗನ ಮೇಲೆ ನನಗೆ ದೂರಿಲ್ಲ, ಮೊನ್ನೆಯ ತಂಬಿಲ ಪೂಜೆಗೂ ಹಾಲು, ಎಳನೀರು ಹಿಡಿದುಕೊಂಡು ನಾಗಬನಕ್ಕೆ ಹೋಗಿದ್ದೆ. ಆದರೆ ಒಂದು ಅಣುವಿನ ತಪ್ಪನ್ನು ದೇವರ ತಲೆಗೂ ಅಮ್ಮನ ತಲೆಗೂ ಕಟ್ಟುವುದು ಯಾವ ನ್ಯಾಯ? ಅಮ್ಮ ಕಣ್ಣೊರೆಸಿಕೊಂಡು ಪಾತ್ರೆ ತೊಳೆಯಲು ಹೋದಳು. ನನಗೆ ಕೆಟ್ಟ ಕೋಪ ಬಂತು, ಅಪ್ಪ. ಈಗಲೂ ಇಳಿದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ರೂಮಿನ ಜಯಪ್ರಕಾಶಣ್ಣನಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಆದರೆ ಮಾಡಿದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ನಿಮ್ಮ ಮಗಳು,
ಜ್ಯೋತ್ಸ್ನಾ

ವಿ.ಸೂ.: ರವೂಫರು ಗೇಟಿನಲ್ಲಿ ಹಾರ್ನ್ ಹಾಕುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಡಾಕ್ಟರು ಕೇಳಿದಾಗ ಅಮ್ಮ ನೆಲ ನೋಡುತ್ತಾ "ಇಲ್ಲ" ಎಂದಳು. ನಿಮ್ಮ ಮೊಣಕೈಗಳ ಮೇಲೆ ಅದೇ ಕಲೆಗಳನ್ನು ನಾನು ನೋಡಿದ್ದೇನೆ, ಅಪ್ಪ. ಊರಿಗೆ ಬಂದಾಗ ಆ ಸೆಕೆಯಲ್ಲೂ ನೀವು ಉದ್ದ ತೋಳಿನ ಅಂಗಿ ಯಾಕೆ ಬಿಚ್ಚುವುದಿಲ್ಲವೆಂದು ಗೊತ್ತಿದೆ. ನಿಮ್ಮ ಗುಟ್ಟು ಕಾಯಲು ಅಮ್ಮ ತನ್ನ ತವರಿನ ಮೇಲೆ ದೋಷ ಹೊತ್ತುಕೊಂಡಿದ್ದಾಳೆ. ಏಪ್ರಿಲಿನಲ್ಲಿ ಬಿಸು ಹಬ್ಬಕ್ಕೆ ಬನ್ನಿ, ಡಾಕ್ಟರಲ್ಲಿಗೆ ಒಟ್ಟಿಗೆ ಹೋಗುವ. ಹಬ್ಬದ ಊಟಕ್ಕೆ ಅತ್ತೆಯನ್ನು ನಾನೇ ಕರೆಯುತ್ತೇನೆ. ನೀವು ಅಂಗಿಯ ತೋಳು ಮಡಚಿ ಅವರ ಎದುರಿಗೆ ಕೂತು ಉಣ್ಣಬೇಕು.